ನಕ್ಷೆಯಲ್ಲಿದ್ದ ಮೆಟ್ಟಿಲು ಮನೆಯಲ್ಲಿರಲಿಲ್ಲ

ಭಾವ ತೀರಿಕೊಂಡ ಮೇಲೆ ಅರಸೀಕೆರೆಯಲ್ಲಿ ಅಕ್ಕ ಒಬ್ಬಳೇ ಆದಳು. ನಮ್ಮ ಜೊತೆಗೇ ಬಂದಿರು ಎಂದರೆ ಒಪ್ಪಲಿಲ್ಲ. ಬೇರೆ ಒಲೆ, ಬೇರೆ ಬಾಗಿಲು ಇದ್ದರೆ ಬರುತ್ತೇನೆ ಎಂದಳು. ಹಾಗಾಗಿ ಮೇಲೊಂದು ಪೋರ್ಷನ್ ಎತ್ತಲು ಹೊರಟೆವು. ಪಾಲಿಕೆಯಿಂದ ನಕ್ಷೆ ಮಂಜೂರಾಯಿತು, ಶುಲ್ಕ ಕಟ್ಟಿದೆವು, ಕೆಲಸವನ್ನು ನನ್ನ ಮೈದುನನಿಗೆ ವಹಿಸಿದೆವು. ಅವನು ಕಂಟ್ರಾಕ್ಟರ್.

ನಕ್ಷೆಯಲ್ಲಿ ಮೆಟ್ಟಿಲು ಹಾಲಿನ ಮೂಲೆಯಿಂದ ಏರುತ್ತಿತ್ತು. ಮೈದುನ ಅದನ್ನು ಪಕ್ಕದ ಖಾಲಿ ಜಾಗಕ್ಕೆ ತಂದ. ಅದು ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗ ಅಲ್ಲವೇ ಎಂದು ನಾನು ಕೇಳಿದೆ. 'ನಕ್ಷೆ ಇರೋದು ಪಾಲಿಕೆಗೆ ಅತ್ತಿಗೆ, ಮನೆ ಇರೋದು ನಮಗೆ. ಈ ಬೀದೀಲಿ ಯಾರು ಬಿಟ್ಟಿದಾರೆ ಹೇಳಿ' ಎಂದ. ನಮ್ಮ ಯಜಮಾನರು ತಮ್ಮನ ಮಾತಿಗೆ ಎದುರಾಡುವವರಲ್ಲ. ಮೋಲ್ಡ್ ಬಿತ್ತು.

ಎಲ್ಲ ಮುಗಿದು ಅಕ್ಕನ ಹೆಸರಿನಲ್ಲಿ ಮೀಟರ್ ಕೇಳಲು ಹೋದಾಗ ಓಸಿ ತನ್ನಿ ಎಂದರು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಪ್ರಕರಣದಲ್ಲಿ, ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ದೇಶಕ್ಕೆಲ್ಲ ಅನ್ವಯಿಸುವಂತೆ ಹೇಳಿತ್ತು. ಆಮೇಲೆ ನಮ್ಮ ಸರ್ಕಾರ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ವಿನಾಯಿತಿ ಕೊಟ್ಟಿತು. ನಮ್ಮದು 30×50, ಅಂದರೆ 1,500. ಕೆಳಗಿನ ಮೀಟರಿನಿಂದಲೇ ಲೈನ್ ಎಳೆಯಿರಿ ಎಂದು ಎಷ್ಟೋ ಜನ ಹೇಳಿದರು. ಆದರೆ ಗೃಹಜ್ಯೋತಿಯ ಉಚಿತ 200 ಯೂನಿಟ್ ಲೆಕ್ಕ ಮೀಟರಿಗೆ. ಎರಡು ಸಂಸಾರ ಒಂದರಲ್ಲೇ ನಡೆದು 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅದಕ್ಕಿಂತ ಹೆಚ್ಚಾಗಿ, ಪ್ರತಿ ತಿಂಗಳು ತಂಗಿಯ ಮುಂದೆ ಕರೆಂಟಿನ ದುಡ್ಡಿಗೆ ಲೆಕ್ಕ ಕೊಡುವ ಗತಿ ಅಕ್ಕನಿಗೆ ಬರುವುದು ನನಗೆ ಬೇಡವಾಗಿತ್ತು.

ಓಸಿಗೆ ಅರ್ಜಿ ಹಾಕಿದ ಮೇಲೆ ಪಾಲಿಕೆಯ ಎಂಜಿನಿಯರ್ ಬಂದರು. ಅಕ್ಕ ಅಷ್ಟರಲ್ಲಿ ಸಾಮಾನು ಸಮೇತ ಬಂದುಬಿಟ್ಟಿದ್ದಳು. ಅವಳ ಪಾತ್ರೆಯ ಗೋಣಿಗಳು ಅದೇ ಮೆಟ್ಟಿಲ ಕೆಳಗಿದ್ದವು. ಅವರು ಟೇಪಿನ ಒಂದು ತುದಿಯನ್ನು ಅವಳ ಕೈಗೇ ಕೊಟ್ಟು ಕಾಂಪೌಂಡಿಗೆ ಒತ್ತಿ ಹಿಡಿಯಿರಿ ಎಂದರು. ಅವಳು ಹಿಡಿದಳು. ಅಳತೆ ಬರೆದುಕೊಂಡರು, ನಕ್ಷೆ ಬಿಡಿಸಿ ನೋಡಿದರು. 'ಈ ಮೆಟ್ಟಿಲು ಇಲ್ಲಿರಬಾರದು, ತೆಗೀಬೇಕು' ಎಂದರು. ಮೈದುನ ಫೋನ್ ಎತ್ತಲಿಲ್ಲ. ನಾನು ಬೇಡಿಕೊಂಡೆ, ದಂಡ ಕಟ್ಟುತ್ತೇನೆ ಎಂದೆ. ಅಕ್ಕ ಟೇಪು ಬಿಡದೆ ನಿಂತಿದ್ದಳು. 'ನನ್ನಿಂದ ನಿಮಗೆ ಇಷ್ಟೆಲ್ಲ ಆಯ್ತಲ್ಲೇ, ನಾನು ವಾಪಸ್ ಹೋಗ್ತೀನಿ' ಅಂದಳು. ಆ ಮಾತು ಕೇಳುವಂತೆ ಮಾಡಿದ ಮೈದುನನನ್ನು ನಾನು ಇನ್ನೂ ಕ್ಷಮಿಸಿಲ್ಲ. ಆ ಎಂಜಿನಿಯರನ್ನೂ ಅಷ್ಟೆ. ಕಂಬಿ ಕಟ್ಟುವಾಗ, ಮೋಲ್ಡ್ ಹಾಕುವಾಗ ಪಾಲಿಕೆಯ ಒಬ್ಬರೂ ಇತ್ತ ತಲೆ ಹಾಕಲಿಲ್ಲ. ಕೆಲಸ ನಡೆಯುವಾಗಲೇ ಆಗಾಗ ಬಂದು ಪರಿಶೀಲಿಸಬೇಕೆಂದೂ ಸುಪ್ರೀಂ ಕೋರ್ಟಿನ ಅದೇ ತೀರ್ಪು ಹೇಳಿದೆ. ಆ ಭಾಗ ಯಾರಿಗೂ ನೆನಪಿರಲಿಲ್ಲ.

ಮೆಟ್ಟಿಲು ಒಡೆಸಿದೆವು. ಹಾಲಿನ ಮೂಲೆಯ ಸ್ಲ್ಯಾಬ್ ಕತ್ತರಿಸಿ ನಕ್ಷೆಯಲ್ಲಿದ್ದಂತೆಯೇ ಕಟ್ಟಿಸಿದೆವು. ಅಕ್ಕನ ಬೇರೆ ಬಾಗಿಲು ಈಗ ನಮ್ಮ ಹಾಲಿನ ಒಳಗಿದೆ. ಓಸಿ ಬಂತು, ಮೀಟರೂ ಬಂತು.

ಕಟ್ಟುವವರು ಮಂಜೂರಾದ ನಕ್ಷೆಯನ್ನು ಕೆಲಸದ ಜಾಗದಲ್ಲೇ ಎಲ್ಲರಿಗೂ ಕಾಣುವಂತೆ ತೂಗುಹಾಕಿ. ತೀರ್ಪೂ ಅದನ್ನೇ ಹೇಳುತ್ತದೆ. ಮೆಟ್ಟಿಲಾಗಲಿ ಬಾಲ್ಕನಿಯಾಗಲಿ ಬದಲಾಗಬೇಕೆಂದರೆ ಮೋಲ್ಡಿಗೆ ಮುಂಚೆ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ. ನೆಂಟರಿಗೆ ಕೆಲಸ ಕೊಟ್ಟರೂ ಕರಾರು ಬರೆಸಿ, ಓಸಿ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ. ಆಮೇಲೆ ಸಕ್ರಮ ಮಾಡಿಸಿದರಾಯಿತು ಎನ್ನುವವರನ್ನು ನಂಬಬೇಡಿ: ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ.