ಸಂತೆಯಲ್ಲಿ ಮಾರುವ ಗಿಡಮೂಲಿಕೆ ಔಷಧಗಳು: ಸದಸ್ಯರು ಅರಿತಿರಬೇಕಾದ ವಿಷಯಗಳು



ಮುಳವಾಡ ಭಾಗದ ಮನೆಗಳಲ್ಲಿ ಶುಂಠಿ ಕಷಾಯ, ಅರಿಶಿನ ಹಾಲು ತಲೆಮಾರುಗಳಿಂದ ಬಳಕೆಯಲ್ಲಿವೆ. ಅವುಗಳ ಬಗ್ಗೆ ಇಲ್ಲಿ ಆಕ್ಷೇಪವಿಲ್ಲ. ಪ್ರಸ್ತುತ ಪಾಠದ ವಿಷಯ, ಸಂತೆ ಮತ್ತು ಜಾತ್ರೆಗಳಲ್ಲಿ ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರಾಟವಾಗುವ ಪುಡಿ ಹಾಗೂ ಗುಳಿಗೆಗಳು.

ಗಿಡಮೂಲಿಕೆಯಿಂದ ಹಾನಿಯಿಲ್ಲವೆಂಬ ನಂಬಿಕೆ ಸರಿಯಲ್ಲ. ಉಮ್ಮತ್ತಿ, ಗುಲಗಂಜಿ, ಕಣಗಿಲೆ ಇವೂ ಸಸ್ಯಗಳೇ, ಮೂರೂ ವಿಷ. ಆಯುರ್ವೇದವು ಇವನ್ನು ಶುದ್ಧಿಗೊಳಿಸಿ ಅಳತೆಯಲ್ಲಿ ಬಳಸುತ್ತದೆ. 1945ರ ಔಷಧ ನಿಯಮಗಳು ಇಂತಹ ದ್ರವ್ಯಗಳ ಪ್ರತ್ಯೇಕ ಪಟ್ಟಿ ಮಾಡಿ, ಅವು ಬೆರೆತ ಔಷಧದ ಮೇಲೆ ವೈದ್ಯರ ನಿಗಾದಲ್ಲಿ ಸೇವಿಸತಕ್ಕದ್ದೆಂಬ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿವೆ. ಲೋಹಗಳ ಅಪಾಯ ಬೇರೆ. ಅಮೆರಿಕದ ಬೋಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿತು.

ನಮ್ಮಲ್ಲಿ ಹೆಚ್ಚು ಗಮನಿಸಬೇಕಾದದ್ದು ಮೊಣಕಾಲು, ಸೊಂಟ ನೋವಿನ ಪುಡಿ. ತೊಗರಿ, ಜೋಳದ ರಾಶಿ ಮುಗಿಯುವ ಹೊತ್ತಿಗೆ ಇದಕ್ಕೆ ಗಿರಾಕಿ ಜಾಸ್ತಿ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಬದಲು ಸಂಶಯಪಡಬೇಕು. ಇಂತಹ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಅನೇಕ ಬಾರಿ ಪತ್ತೆಯಾಗಿದೆ. ತಿಂಗಳುಗಟ್ಟಲೆ ಸೇವಿಸಿದವರ ಮುಖ ಊದುತ್ತದೆ (ಮೈ ತುಂಬಿಕೊಂಡಿತೆಂದು ಹೊಗಳುವವರೂ ಉಂಟು), ರಕ್ತದ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಒಮ್ಮೆಲೇ ನಿಲ್ಲಿಸುವುದೂ ಪ್ರಾಣಾಪಾಯಕಾರಿ. ಆದ್ದರಿಂದ ಇಂದೇ ಬಿಡಿರೆಂದು ಹೇಳದೆ, ಪೊಟ್ಟಣದ ಸಮೇತ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸತಕ್ಕದ್ದು.

ಹಾವು ಕಡಿದಾಗ ಬೇರು ಅರೆದು ಕುಡಿಸುತ್ತ ಕಳೆಯುವ ಸಮಯವೇ ಪ್ರಾಣ ತೆಗೆಯುತ್ತದೆ. ಪ್ರತಿವಿಷದ ಚುಚ್ಚುಮದ್ದಿಗೆ ಸಮನಾದ ಬೇರು ಯಾವುದೂ ಇಲ್ಲ. 2024ರಿಂದ ರಾಜ್ಯದಲ್ಲಿ ಹಾವು ಕಡಿತವು ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕಾದ ಪ್ರಕರಣವಾಗಿದೆ.

ಇನ್ನು ಕಾನೂನು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮದಂತೆ ಮಧುಮೇಹ, ಪಾರ್ಶ್ವವಾಯು, ಕ್ಯಾನ್ಸರ್, ಮೂತ್ರಪಿಂಡದ ಕಲ್ಲು ಮೊದಲಾದವನ್ನು ಗುಣಪಡಿಸುವೆನೆಂದು ಔಷಧದ ಜಾಹೀರಾತು ನೀಡುವುದು ಅಪರಾಧ. ಮುದ್ರಿತ ಕಾಗದ ಮಾತ್ರವಲ್ಲ, ಬಾಯಿಮಾತಿನ ಘೋಷಣೆಯೂ ಈ ವ್ಯಾಖ್ಯೆಯೊಳಗೆ ಬರುತ್ತದೆ. ಸಂತೆಯ ಮೈಕು ಇದರಿಂದ ಹೊರತಲ್ಲ. ಸಂತೆಕಟ್ಟೆಯಲ್ಲಿ ಜಾಗ ಕೊಡುವ ಮುನ್ನ ಲೇಬಲ್ ನೋಡುವುದು ಕಷ್ಟದ ಕೆಲಸವಲ್ಲ: ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಘಟಕಗಳು, ಅವಧಿ ಮುಗಿಯುವ ದಿನಾಂಕ ಇರಬೇಕು. ಇವಿಲ್ಲದ ಪೊಟ್ಟಣ ಕಂಡುಬಂದಲ್ಲಿ ಸುಡದೆ, ಎಸೆಯದೆ, ಕೊಂಡ ದಿನ ಮತ್ತು ಸ್ಥಳ ಬರೆದು ಜಿಲ್ಲಾ ಆಯುಷ್ ಅಧಿಕಾರಿಗಳ ಕಚೇರಿಗೆ ತಲುಪಿಸುವುದು.