ಪಂಪಿನ ಕಾವಲಿಗೆ ಒಂದೇ ಹಲಗೆಯ ಗಣಕಯಂತ್ರ

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಯಂತ್ರವು ಬ್ರಿಟನ್ ದೇಶದಲ್ಲಿ 2012ನೆಯ ಇಸವಿಯಲ್ಲಿ ಮಾರಾಟಕ್ಕೆ ಬಂದಿತು. 2014ರಿಂದೀಚಿನ ಅದರ ಮುಖ್ಯ ಮಾದರಿಗಳ ಅಂಚಿನಲ್ಲಿ 40 ಪಿನ್ನುಗಳುಂಟು. ಇವುಗಳಲ್ಲಿ 12 ವಿದ್ಯುತ್ತಿನ ಪೂರೈಕೆಗೂ ಗ್ರೌಂಡಿಗೂ ಮೀಸಲು. ಉಳಿದವು ಸುದ್ದಿಯನ್ನು ಒಳತರುವುದಕ್ಕೂ ಆಜ್ಞೆಯನ್ನು ಹೊರಕಳುಹುವುದಕ್ಕೂ ಇರುವುವು. ನೀರಿನ ತೊಟ್ಟಿ ತುಂಬಿತೆಂದು ತೇಲುಗುಂಡಿನ ಸ್ವಿಚ್ಚು ಒಂದು ಪಿನ್ನಿಗೆ ತಿಳಿಸಿದರೆ, ಮತ್ತೊಂದು ಪಿನ್ನಿನ ಮೂಲಕ ಪಂಪನ್ನು ನಿಲ್ಲಿಸಬಹುದು.

ಆದರೆ ಪಿನ್ನು ಓಲೆಕಾರನಂತೆ. ಸುದ್ದಿಯನ್ನು ಒಯ್ಯುವುದೇ ಹೊರತು ಮೂಟೆಯನ್ನು ಹೊರಲಾರದು. ಅದರ ವಿದ್ಯುತ್ತು 3.3 ವೋಲ್ಟು ಮಾತ್ರ. ಒಂದು ಪಿನ್ನಿನಿಂದ 16 ಮಿಲಿ ಆಂಪಿಯರಿಗಿಂತ ಹೆಚ್ಚು ಸೆಳೆಯಲಾಗದು. ಆದುದರಿಂದ ಈ ನಿಯಮಗಳನ್ನು ಪಾಲಿಸತಕ್ಕದ್ದು:

1. ಪಿನ್ನಿಗೆ 5 ವೋಲ್ಟನ್ನು ಸಹ ತಾಕಿಸಕೂಡದು, ಹಲಗೆಯು ಕೆಟ್ಟುಹೋದೀತು.

2. ಮೊದಲು 330 ಓಮಿನ ರೆಸಿಸ್ಟರಿನೊಡನೆ ಪುಟ್ಟ ಎಲ್‌ಇಡಿ ದೀಪವನ್ನು ಜೋಡಿಸಿ, ಅದನ್ನು ಹೊತ್ತಿಸಿ ಆರಿಸಿ ಪರೀಕ್ಷಿಸುವುದು.

3. ಪಿನ್ನು ಟ್ರಾನ್ಸಿಸ್ಟರನ್ನೂ, ಅದು ರಿಲೇಯನ್ನೂ, ರಿಲೇಯು ಮೋಟಾರಿನ ಸ್ಟಾರ್ಟರನ್ನೂ ನಡೆಸುವಂತೆ ಏರ್ಪಡಿಸುವುದು.

4. ಒಳಪಿನ್ನನ್ನು ಆಧಾರವಿಲ್ಲದೆ ಬಿಟ್ಟರೆ ಸುಳ್ಳು ಸುದ್ದಿ ಬರುವುದು. ಅದಕ್ಕೆ ಹಲಗೆಯೊಳಗಿನ ಪುಲ್‌ಅಪ್ ರೆಸಿಸ್ಟರನ್ನು ಜೋಡಿಸಿ, ತೊಟ್ಟಿಯು ತುಂಬುವವರೆಗೆ ಸ್ವಿಚ್ಚು ಪಿನ್ನನ್ನು ಗ್ರೌಂಡಿಗೆ ಸೇರಿಸುವಂತೆ ಮಾಡತಕ್ಕದ್ದು. ಆಗ ಇಲಿಯು ತಂತಿಯನ್ನು ಕಡಿದರೂ ತೊಟ್ಟಿ ತುಂಬಿತೆಂದೇ ಎಣಿಕೆಯಾಗಿ ಪಂಪು ನಿಲ್ಲುವುದು.

ಗಣಕಯಂತ್ರವು ಸ್ತಬ್ಧವಾಗುವುದೂ ಉಂಟು. ಆದಕಾರಣ ಕೈಸ್ವಿಚ್ಚನ್ನೂ, ನೀರಿಲ್ಲದೆ ಓಡುವ ಮೋಟಾರನ್ನು ನಿಲ್ಲಿಸುವ ಪ್ರತ್ಯೇಕ ರಕ್ಷಣೆಯನ್ನೂ ತೆಗೆಯಬಾರದು. ಮೋಟಾರಿನ ತಂತಿ ಕೆಲಸವನ್ನು ಲೈಸೆನ್ಸುಳ್ಳವರಿಂದಲೇ ಮಾಡಿಸತಕ್ಕದ್ದು.