ಪಂದ್ಯಕ್ಕೆ ಮುಂಚೆ ಎದೆ ಡವಗುಟ್ಟುವುದೇಕೆ?

ಹೋಬಳಿ ಮಟ್ಟದ ಕ್ರೀಡಾಕೂಟ. ನೀವು 100 ಮೀಟರ್ ಓಟದ ಗೆರೆಯ ಮೇಲೆ ನಿಂತಿದ್ದೀರಿ. ಇನ್ನೂ ಒಂದು ಹೆಜ್ಜೆಯನ್ನೂ ಓಡಿಲ್ಲ. ಆದರೂ ಎದೆ ಡವಡವ ಎನ್ನುತ್ತಿದೆ. ಬಾಯಿ ಒಣಗಿದೆ, ಅಂಗೈ ಬೆವರಿದೆ, ಹೊಟ್ಟೆಯಲ್ಲಿ ಏನೋ ತಳಮಳ. ಈಗತಾನೆ ಮೂತ್ರಕ್ಕೆ ಹೋಗಿ ಬಂದಿದ್ದರೂ ಮತ್ತೆ ಹೋಗಬೇಕೆನಿಸುತ್ತದೆ! “ನನ್ನ ಕೈಲಾಗೋದಿಲ್ಲ ಸಾರ್” ಎಂದು ಸಾಲಿನಿಂದ ಹಿಂದೆ ಸರಿಯುವವರೂ ಉಂಟು. ಮಕ್ಕಳೇ, ಹಾಗೆ ಸರಿಯುವ ಮುನ್ನ ನಿಮ್ಮ ದೇಹದೊಳಗೆ ಏನು ನಡೆಯುತ್ತಿದೆ ಎಂದು ತಿಳಿಯೋಣ.

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಒಂದೊಂದು ಪುಟ್ಟ ಗ್ರಂಥಿ ಕುಳಿತಿದೆ. ಇವೇ ಅಡ್ರಿನಲ್ ಗ್ರಂಥಿಗಳು. ಮುಂದೆ ಕಷ್ಟದ ಕೆಲಸವಿದೆ ಎಂದು ಮಿದುಳಿಗೆ ಅನ್ನಿಸಿದ ಕೂಡಲೇ ನರಗಳ ಮೂಲಕ ಇವಕ್ಕೆ ಸುದ್ದಿ ಹೋಗುತ್ತದೆ. ಅವು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಆಗ ಹೃದಯ ಬೇಗಬೇಗ ಬಡಿಯುತ್ತದೆ. ಯಕೃತ್ತು ತಾನು ಕೂಡಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಸೇರಿಸುತ್ತದೆ. ಹೊಟ್ಟೆ, ಕರುಳುಗಳಿಗೆ ಹೋಗುವ ರಕ್ತ ಕಡಿಮೆಯಾಗಿ ಕಾಲಿನ ಸ್ನಾಯುಗಳಿಗೆ ಹೆಚ್ಚು ಹರಿಯುತ್ತದೆ. ಹೊಟ್ಟೆಯ ತಳಮಳಕ್ಕೆ ಇದೂ ಒಂದು ಕಾರಣ. ಇದು ಕಾಯಿಲೆಯಲ್ಲ, ಹೇಡಿತನವೂ ಅಲ್ಲ. ದೇಹ ಓಟಕ್ಕೆ ಅಣಿಯಾಗುತ್ತಿದೆ, ಅಷ್ಟೆ. ಇದನ್ನು ಉದ್ದೀಪನ ಎನ್ನೋಣ.

ಮಾಡಿ ನೋಡಿ: ತರಗತಿಯಲ್ಲಿ ಸುಮ್ಮನೆ ಕುಳಿತಾಗ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷದ ನಾಡಿ ಬಡಿತ ಎಣಿಸಿ, ಬರೆದಿಡಿ. ಓಟದ ಸ್ಪರ್ಧೆಯ ದಿನ, ಸೀಟಿ ಊದುವುದಕ್ಕೆ ಸ್ವಲ್ಪ ಮುಂಚೆ ಮತ್ತೆ ಎಣಿಸಿ. ಎಷ್ಟು ವ್ಯತ್ಯಾಸ ಬಂತು?

ಹಾಗಾದರೆ ಉದ್ದೀಪನ ಹೆಚ್ಚಿದಷ್ಟೂ ಒಳ್ಳೆಯದೇ? 1908ರಲ್ಲಿ ಅಮೆರಿಕದ ಯರ್ಕಿಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಬಿಳಿ ಪೆಟ್ಟಿಗೆಗೆ ಹೋದರೆ ಏನೂ ಇಲ್ಲ, ಕಪ್ಪು ಪೆಟ್ಟಿಗೆಗೆ ಹೋದರೆ ವಿದ್ಯುತ್ತಿನ ಚುರುಕು. ಪಾಪದ ಇಲಿಗಳು! ಪೆಟ್ಟಿಗೆಗಳನ್ನು ಗುರುತಿಸುವುದು ಸುಲಭವಾಗಿದ್ದಾಗ, ಚುರುಕು ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಗುರುತಿಸುವುದು ಕಷ್ಟವಾಗಿದ್ದಾಗ ಮಾತ್ರ ಹದವಾದ ಚುರುಕಿಗೆ ಬೇಗ ಕಲಿತವು, ಜೋರಾದ ಚುರುಕಿಗೆ ತಡವರಿಸಿದವು.

ಆಟದಲ್ಲೂ ಹೆಚ್ಚುಕಡಿಮೆ ಹೀಗೆಯೇ. ಹಗ್ಗಜಗ್ಗಾಟಕ್ಕೆ ಮೈಯೆಲ್ಲ ಬಿಸಿಯಾಗಿದ್ದರೆ ಅನುಕೂಲ. ಬಂದೂಕಿನಿಂದ ಗುರಿ ಹೊಡೆಯುವ ಆಟಕ್ಕೆ ಅದೇ ತೊಂದರೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಫಲಕದ ನಟ್ಟನಡುವಿನ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಹೃದಯದ ಒಂದು ಬಡಿತವೂ ಬಂದೂಕನ್ನು ಅಲುಗಿಸಬಲ್ಲದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಗುಂಡಿಗೆ ಮುಂಚೆ ನಮ್ಮ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಸ್ಪರ್ಧಿ ಸಮಸಮವಾಗಿದ್ದರು. ಆಗ ಬಿಂದ್ರಾ ಗಳಿಸಿದ್ದು 10.8 ಅಂಕ! ಒಂದು ಗುಂಡಿಗೆ ಸಿಗುವ ಗರಿಷ್ಠ ಅಂಕವೇ 10.9. ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಹೀಗೆ.

ಎಂಥವರೂ ಎಡವುವುದುಂಟು. 2011ರ ವಿಶ್ವ ಅಥ್ಲೆಟಿಕ್ಸ್‌ನ 100 ಮೀಟರ್ ಅಂತಿಮ ಓಟದಲ್ಲಿ ಉಸೇನ್ ಬೋಲ್ಟ್ ಗುಂಡಿನ ಸದ್ದಿಗೆ ಮೊದಲೇ ಜಿಗಿದು ಸ್ಪರ್ಧೆಯಿಂದ ಹೊರಬಿದ್ದರು. ಕೆಲವೇ ದಿನಗಳಲ್ಲಿ 200 ಮೀಟರ್ ಓಟದಲ್ಲಿ ಗೆದ್ದರು ಕೂಡ.

ಆತಂಕ ಎನ್ನುವುದು ಬೇರೆ. ಉದ್ದೀಪನ ಮೈಯದಾದರೆ, ಆತಂಕ ಮನಸ್ಸಿನ ಮಾತು. ‘ಸೋತರೆ ಎಲ್ಲರೂ ನಗುತ್ತಾರೆ’ ಎಂಬ ಯೋಚನೆ ಒಳಹೊಕ್ಕಿತೆಂದರೆ ಗಮನ ಅತ್ತ ಹೋಗುತ್ತದೆ. ಕಬಡ್ಡಿ ರೈಡಿಗೆ ಹೋದವನಿಗೆ ಎದುರಿಗಿದ್ದವನಷ್ಟೇ ಕಾಣುತ್ತಾನೆ, ಮೂಲೆಯಿಂದ ಕಾಲು ಹಿಡಿಯಲು ಬರುವವನು ಕಾಣುವುದೇ ಇಲ್ಲ. ಬಿಗಿಯಾದ ಸ್ನಾಯುಗಳು ಬೇಗ ತಿರುಗುವುದೂ ಇಲ್ಲ. ಆಟಗಾರರನ್ನು ಗದರಿಸುವ, ಗೇಲಿ ಮಾಡುವ ಗೆಳೆಯರು ತಮ್ಮ ತಂಡಕ್ಕೇ ನಷ್ಟ ತರುತ್ತಾರೆ.

ಹೃದಯಕ್ಕೆ ‘ನಿಧಾನವಾಗು’ ಎಂದು ಅಪ್ಪಣೆ ಕೊಡಲು ನಮಗೆ ಬರುವುದಿಲ್ಲ. ಆದರೆ ಉಸಿರು ನಮ್ಮ ಮಾತು ಕೇಳುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ತಗ್ಗುತ್ತದೆ. ಆದ್ದರಿಂದ ಮೂರು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಮೆಲ್ಲಗೆ ಬಿಡಿ. ಹೀಗೆ ಏಳೆಂಟು ಬಾರಿ ಮಾಡಿ. ಈಗ ಮತ್ತೆ ನಾಡಿ ಎಣಿಸಿ, ಮೊದಲು ಬರೆದಿಟ್ಟ ಎರಡು ಸಂಖ್ಯೆಗಳ ಪಕ್ಕದಲ್ಲಿ ಈ ಮೂರನೆಯದನ್ನೂ ಬರೆಯಿರಿ.